ಊಟ ಆತೇನ್ರೀ?

ಆಕಾಶದಲ್ಲಿ ಆಡಿದ ಮಾತು ಕರಗದೆ ಉಳಿಯತೊಡಗಿ ಎಷ್ಟೋ ವರ್ಷಗಳಾಗಿದ್ದವು. ರೇಡಿಯೊದ ಯಾವ ಫ್ರೀಕ್ವೆನ್ಸಿಗೆ ಹೋದರೂ ಸತ್ತವರ ದನಿಗಳು ಇನ್ನೂ ವಿಮಾನ ಇಳಿಸುತ್ತಲೇ ಇದ್ದವು. ಅದಕ್ಕೇ ಪೈಲಟ್‌ಗಳು ಮೊದಲು ಊಟದ ಮಾತು ಕೇಳುವರು. ಉತ್ತರ ಕೊಡುವುದು ಬದುಕಿದ್ದವರು ಮಾತ್ರ.

ಇಂಧನ ತಳ ಕಂಡಿತ್ತು. ಬೆಳಗಿನಿಂದ ಹಾರಿ ಸೋತಿದ್ದ ಪೈಲಟ್ ನೀಲವ್ವ ಟವರನ್ನು ಹುಡುಕುತ್ತ ರೇಡಿಯೊದ ಗುಂಡಿ ತಿರುಗಿಸಿದಳು.

"ಬಾ ತಂಗಿ, ಗಾಳಿ ತಣ್ಣಗೈತಿ, ಇಳಿ."

ಸಂಗಪ್ಪಜ್ಜನ ದನಿ! ಅವಳ ಮೊದಲ ಹಾರಾಟವನ್ನು ಟವರಿನಲ್ಲಿ ಕೂತು ಇಳಿಸಿಕೊಂಡವನು ಅವನೇ. ಅವನು ಹೋಗಿ ವರ್ಷಗಳಾದವು. ಅವನ ರನ್‌ವೇಯ ಮೇಲೆ ಈಗ ಕೆರೆ ನಿಂತಿದೆ. ಗೊತ್ತಿದ್ದೂ ದಣಿದ ಕೈ ಆ ದನಿಯನ್ನು ಬಿಡಲೊಲ್ಲದಾಯಿತು.

"ಅಜ್ಜಾ, ಊಟ ಆತೇನ?"

"ಬಾ ತಂಗಿ, ಗಾಳಿ ತಣ್ಣಗೈತಿ, ಇಳಿ."

ಹಿಂದಿನ ಸೀಟುಗಳಲ್ಲಿ ಪ್ರಯಾಣಿಕರು ಅವಳನ್ನು ನಂಬಿ ನಿದ್ದೆಹೋಗಿದ್ದರು. ನೀಲವ್ವ ಮನಸ್ಸಿನಲ್ಲೇ ಅಜ್ಜನಿಗೆ ಕೈಮುಗಿದು ಗುಂಡಿಯನ್ನು ಮತ್ತೆ ತಿರುಗಿಸಿದಳು.

"ಊಟ ಆತೇನ್ರೀ?"

"ಎಲ್ಲೀ ಊಟ, ಅಕ್ಕಾರ! ನಿಮ್ಮನ್ನ ಇಳಿಸಿ ರೊಟ್ಟಿ ಗಂಟು ಬಿಚ್ಚೂಣು ಅಂತ ಕುಂತೀನಿ. ಪಲ್ಯ ಆರಾಕ್ಹತ್ತೇತಿ, ಲಗೂನ ಬರ್ರಿ."

ಶಿವನೇ ಎಂದು ಉಸಿರು ಬಿಟ್ಟು, ಅವಳು ಆ ಹಸಿದ ದನಿಯ ಕಡೆಗೆ ವಿಮಾನ ತಿರುಗಿಸಿದಳು.