ಮೂರನೇ ಹನಿ

ನನ್ನ ಮಗಳು ಇಂಚರಳಿಗೆ ಮೂರನೇ ಬುದ್ಧಿಹನಿ ಹಾಕಿಸುವುದನ್ನು ಜ್ವರದ ನೆಪ ಹೇಳಿ ಎರಡು ಸಲ ಮುಂದೂಡಿದ್ದೆ. ಪೋಲಿಯೋ ಹನಿಯ ಹಾಗೆಯೇ ಇದೂ, ಒಂದೊಂದು ಹನಿಗೆ ಮಗುವಿಗೆ ಒಂದೊಂದು ತಿಳಿವಳಿಕೆ ಬರುತ್ತದೆ. ಈ ಸಲ ಅಂಗನವಾಡಿಯ ಗಂಗಮ್ಮ ಟೀಚರ್ ಬಿಡಲಿಲ್ಲ. "ಏಳು ವರ್ಷ ತುಂಬಿತಲ್ಲಮ್ಮಾ, ಇನ್ನೂ ಎಷ್ಟು ದಿನ?" ಎಂದು ಗದರಿದರು. ಬೇಗ ಬುದ್ಧಿ ಬಂದು ಯಾರ ಮನೆ ಉದ್ಧಾರವಾಗಿದೆಯೋ!

ಮೊದಲನೇ ಹನಿ ಹಾಕಿಸಿದ ದಿನವೇ, ನಾನು ಸೆರಗಿನಿಂದ ಮುಖ ಮುಚ್ಚಿ ತೆಗೆದರೆ ಇವಳು ಕೇಕೆ ಹಾಕಿ ನಗುವುದು ನಿಂತಿತ್ತು. ಅಮ್ಮ ಸೆರಗಿನ ಹಿಂದೆಯೇ ಇರುತ್ತಾಳೆಂದು ಗೊತ್ತಾಗಿಬಿಟ್ಟಿತ್ತು. ಎರಡನೆಯದು ಮಾತು ತಂದಿತು, ಅದಕ್ಕೆ ನನ್ನ ತಕರಾರಿಲ್ಲ.

ಟೀಚರ್ ನಾಲಿಗೆಗೆ ಹನಿ ಬಿಟ್ಟು, ಕಿರುಬೆರಳಿಗೆ ಶಾಯಿ ಹಚ್ಚಿ, ಹನಿ ಕೆಲಸ ಮಾಡಿತೋ ಎಂದು ನೋಡಲು ಬಟ್ಟಲಿನ ನೀರನ್ನು ಉದ್ದನೆಯ ಲೋಟಕ್ಕೆ ಸುರಿದರು.

"ಈಗ ನೀರು ಹೆಚ್ಚಾಯ್ತಾ ಪುಟ್ಟಿ?"

"ಇಲ್ಲ ಟೀಚರ್, ಅಷ್ಟೇ ಇದೆ."

"ಶಭಾಷ್!"

ನಮ್ಮ ಮನೆಯಲ್ಲಿ ಹಾಲು ಯಾವತ್ತೂ ಸಾಲದು. ಅದಕ್ಕೇ ಇಷ್ಟು ವರ್ಷ ಇವಳಿಗೆ ಕೊಳವೆಯಂಥ ಉದ್ದ ಲೋಟದಲ್ಲಿ ಕೊಡುತ್ತಿದ್ದೆ. ದಿನವೂ ಕಣ್ಣರಳಿಸಿ, "ಅಬ್ಬಾ, ಎಷ್ಟೊಂದು ಹಾಲು!" ಅನ್ನುತ್ತಿದ್ದಳು. ಆ ಒಂದು ಮಾತಿಗಾಗಿಯೇ ನಾನು ಇಲ್ಲದ ಜ್ವರ ಬರಿಸಿದ್ದು.

ಸಂಜೆ ಅಭ್ಯಾಸಬಲದಿಂದ ಅದೇ ಲೋಟಕ್ಕೆ ಹಾಲು ಬಗ್ಗಿಸಿಬಿಟ್ಟೆ. ಇಂಚರ ಲೋಟ ನೋಡಿದಳು. ಒಲೆಯ ಮೇಲಿನ ಬರಿದಾದ ಪಾತ್ರೆ ನೋಡಿದಳು.

"ಅಬ್ಬಾ, ಎಷ್ಟೊಂದು ಹಾಲು!" ಎಂದಳು.

ಅವಳ ಕಣ್ಣು ಲೋಟದ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು.