ಯಮೆ ಎಂದರೆ ನಿಲ್ಲು

"ಯಮೇ!" ಎಂದು ಉಲ್ಲಾಸ ಸರ್ ಕೂಗಿದ್ದೇ ತಡ, ಬಾಗಿಲ ಬಳಿ ಕೂತು ತೂಕಡಿಸುತ್ತಿದ್ದ ಕಲ್ಲವ್ವ ದಡಕ್ಕನೆ ಎದ್ದು ನಿಂತಳು.

"ಯಾರಿಗೆ ಎಮ್ಮಿ ಅಂತೀರಿ ಮಾಸ್ತರ? ನನ್ನ ಮೊಮ್ಮಗಳಿಗೇನ್ರಿ?"

ಶಿರಸಿಯ ಆ ಹಳೇ ಗೋದಾಮಿನಲ್ಲಿ ಸಾಲಾಗಿ ನಿಂತಿದ್ದ ಕರಾಟೆ ಮಕ್ಕಳೆಲ್ಲ ಕಿಸಕ್ಕೆಂದವು. ಸರ್ ಕೈಮುಗಿದರು. "ಎಮ್ಮೆ ಅಲ್ಲ ಅಜ್ಜಿ, ಯಮೆ. ಜಪಾನಿ ಮಾತು. ನಿಲ್ಲು ಅಂತ ಅರ್ಥ." ಕಲ್ಲವ್ವ ಪೂರ್ತಿ ನಂಬದೆಯೇ ಕೂತಳು. ನಗದೆ ಉಳಿದವಳು ಆ ಮೊಮ್ಮಗಳು ಸ್ಫೂರ್ತಿ ಒಬ್ಬಳೇ. ಅಜ್ಜಿಗೆ ಕೇಳಿಸಿದ್ದೇ ಸರಿ ಎಂದು ಅವಳಿಗೆ ಅನ್ನಿಸಿತ್ತು.

ಮಳೆಗಾಲ ಮುಗಿದಾಗಿನಿಂದ ಅವಳ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಕಟಾ ಎಂದರೆ ಕಣ್ಣಿಗೆ ಕಾಣದ ಎದುರಾಳಿಯ ಜೊತೆ ಒಬ್ಬರೇ ಆಡುವ ಕಾಳಗ. ಅದರ ನಡುವೆ ಒಂದು ಕಡೆ ಗಿರ್ರನೆ ತಿರುಗಿ ಒದೆಯಬೇಕು. ಹೋದ ವರ್ಷ ಕಂದು ಬೆಲ್ಟ್ ತಂದುಕೊಟ್ಟ ಅದೇ ತಿರುವಿನಲ್ಲಿ ಈಗ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಹಟ ಹಿಡಿದು ಮಾಡಿದಳು, ಎಲ್ಲರಿಗಿಂತ ಮೊದಲೇ ಬಂದು ಮಾಡಿದಳು, ಬಚ್ಚಲಲ್ಲಿ ಕೂತು ಅತ್ತಳು. ಏನೂ ಆಗಲಿಲ್ಲ. ಸಾಕು, ಇವತ್ತೇ ಕೊನೆ ಎಂದು ತೀರ್ಮಾನಿಸಿಯೇ ಬನವಾಸಿಯಲ್ಲಿ ಬಸ್ಸು ಹತ್ತಿದ್ದಳು. ಕಲಿಸಿದ ಮಾಸ್ತರರಿಗೆ ಬರಿಗೈಯಲ್ಲಿ 'ಹೋಗಿ ಬರ್ತೀವಿ' ಅನ್ನಬಾರದೆಂದು ಅಜ್ಜಿ ಹೊಲದ ಅನಾನಸೊಂದನ್ನು ಹೊತ್ತು ಜೊತೆಗೆ ಬಂದಿದ್ದಳು. ಚೀಲದಿಂದ ಅದರ ಹಸಿರು ಜುಟ್ಟು ಇಣುಕುತ್ತಿತ್ತು.

ನಡುವೆ ಬಿಡುವು ಸಿಕ್ಕಾಗ ಸ್ಫೂರ್ತಿ ಬಂದು ಅಜ್ಜಿಯ ಪಕ್ಕ ಕುಸಿದಳು. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ. ರಸ್ತೆ, ಬಸ್ಸು, ಎದುರಿನ ಚಹಾದಂಗಡಿ ಎಲ್ಲವೂ ನೀರಿನೊಳಗೆ ಇದ್ದಂತೆ ಕಾಣುತ್ತಿದ್ದವು.

"ನಾ ಖರೇನ ಎಮ್ಮಿ ಆಗೇನಿ ಅಜ್ಜಿ. ಎಷ್ಟ ಎಬ್ಬಿಸಿದ್ರೂ ಕಾಲು ಏಳವಲ್ದು."

ಕಲ್ಲವ್ವ ಮಂಜನ್ನೇ ನೋಡುತ್ತಿದ್ದಳು. "ನಮ್ಮದೊಂದು ಎಮ್ಮಿ ಇತ್ತು. ವರದಾ ಹೊಳ್ಯಾಗ ಇಳಿದು ಕುಂತ್ರ ಮುಗೀತು. ಕೂಗಿದೆ, ಕಲ್ಲು ಒಗೆದೆ. ಸಣ್ಣಾಕಿ ಇದ್ನಲ್ಲ, ಜಡ್ಡಾಗೈತಿ ಅನ್ಕೊಂಡು ಅತ್ತೂ ಬಿಟ್ಟೆ. ಅದಕ್ಕೆಲ್ಲಿ ಜಡ್ಡು? ಆರಾಮ ಕುಂತಿತ್ತು."

"ಮತ್ತೇನ್ ಮಾಡಿದಿ?"

"ಏನ್ ಮಾಡೋದೈತಿ? ದಂಡಿ ಮ್ಯಾಲ ಕುಂತೆ. ಬಿಟ್ಟು ಮನಿಗೆ ಹೋಗಲಿಲ್ಲ, ಅಷ್ಟ. ತನಗ ತಿಳಿದಾಗ ಎದ್ದು ಬಂತು."

ಸರ್ ಮತ್ತೆ ಕರೆದರು. ಇದೊಂದು ಸಲ ಮುಗಿಸಿ, ನಾಳೆಯಿಂದ ಬರೋದಿಲ್ಲ ಎಂದು ಹೇಳಿಬಿಡೋಣ ಎಂದುಕೊಂಡು ಸ್ಫೂರ್ತಿ ಸಾಲಿನ ಕೊನೆಗೆ ನಿಂತು ಕಣ್ಣು ಮುಚ್ಚಿದಳು. ಗೋದಾಮಿನ ಗೋಡೆಗಳಿಂದ ಹಳೇ ಕಾಳುಮೆಣಸಿನ ಘಮ ಬರುತ್ತಿತ್ತು. ಆಮೇಲೆ ಅದೂ ಇಲ್ಲ, ಬರೀ ಹೊಳೆ. ದಂಡೆಯಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತ ಒಬ್ಬ ಪುಟ್ಟ ಹುಡುಗಿ. ಅವಳು ಕೂಗುತ್ತಿರಲಿಲ್ಲ, ಅಳುತ್ತಿರಲಿಲ್ಲ. ಸ್ಫೂರ್ತಿಯ ಕೈಗಳು ತಮ್ಮಷ್ಟಕ್ಕೆ ಆಡತೊಡಗಿದವು. ತಿರುವು ಬಂತು. ಎಲ್ಲೋ ಆಳದಲ್ಲಿ ಏನೋ ಭಾರವಾದದ್ದು ಅಲುಗಿತು, ಕಪ್ಪು ಬೆನ್ನಿನಿಂದ ನೀರು ಇಳಿಯಿತು, ಅವಳ ಕಾಲು ಮೇಲೆ ಹೋಯಿತು. ಅಬ್ಬ, ಎಷ್ಟು ಹಗುರ!

"ಯಮೇ!"

ಎಲ್ಲರೂ ನಿಂತರು. ಸ್ಫೂರ್ತಿ ನಿಲ್ಲಲಿಲ್ಲ. ಕಣ್ಣು ಮುಚ್ಚಿಕೊಂಡೇ ಮತ್ತೊಮ್ಮೆ ತಿರುಗಿದಳು, ಮತ್ತೊಮ್ಮೆ ಒದ್ದಳು. ಸರ್ ಇನ್ನೊಮ್ಮೆ ಕೂಗಲು ಬಾಯಿ ತೆರೆದರು.

ಕಲ್ಲವ್ವ ಅನಾನಸಿನ ಜುಟ್ಟನ್ನು ಚೀಲದೊಳಕ್ಕೆ ಒತ್ತಿ, ಕೈಯೆತ್ತಿ ಅವರನ್ನು ತಡೆದಳು.

"ಒದರಬ್ಯಾಡ್ರಿ ಮಾಸ್ತರ. ಎಮ್ಮಿ ಈಗರ ಎದ್ದೈತಿ."