ಲಿಂಡ್ರೂಸ್ ಕೇಳಿದ ಪ್ರಶ್ನೆ

ಹೊಸ ಫೋನು ಲಿಂಡ್ರೂಸನ ಅಂಗೈಯಲ್ಲೇ ಆರಿಹೋಯಿತು. ಕಂಪನಿಯ ಮುಖ್ಯಸ್ಥನಾದ ಅವನು ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ, ಹೆಬ್ಬೆರಳಿನಿಂದ ಗಾಜನ್ನು ಉಜ್ಜಿದ. ಪರದೆ ಕಪ್ಪಾಗಿಯೇ ಉಳಿಯಿತು. ಹೆಲ್ಸಿಂಕಿಯಿಂದ ಬಂದಿದ್ದ ಹೂಡಿಕೆದಾರರು ಕಾಫಿ ಲೋಟ ಕೆಳಗಿಟ್ಟು ನೋಡುತ್ತಿದ್ದರು.

ಫೋನು ಮಾಡಿದ ತಂಡದ ಮುಂದಾಳು ಕಲೆರ್ವೊನಿಗೆ ಒಳಗೊಳಗೇ ಹಗುರವೆನಿಸಿತು. ಇದು ಹೀಗೆ ನಿಂತುಹೋಗುತ್ತದೆಂದು ಅವನು ಹಿಮ ಕರಗಿದಾಗಿನಿಂದಲೂ ಹೇಳುತ್ತಿದ್ದ. ಅವನ ಮೇಲಧಿಕಾರಿ ಸಿರ್ಕಾ ಮಾತ್ರ, "ಲಿಂಡ್ರೂಸ್‌ಗೆ ಹೋಗಿ ಹೇಳೋಕೆ ನಂಗೇನು ತಲೆ ಕೆಟ್ಟಿದ್ಯಾ? ಮೇಜು ಗುದ್ದಿ ಕಿರುಚಾಡ್ತಾನೆ. ಹೋದ ಸಲ ಬಾಯಿಬಿಟ್ಟವನು ಈಗ ಮನೇಲಿ ಕೂತಿದಾನೆ" ಎಂದು ತಡೆದಿದ್ದಳು. ಈಗ ಯಾರೂ ಹೇಳಬೇಕಾಗಿಲ್ಲ, ಲಿಂಡ್ರೂಸ್ ಕಣ್ಣಾರೆ ಕಂಡಿದ್ದಾನೆ. ಬೈಗುಳ ಬಿದ್ದರೂ ಸರಿ, ಕ್ರಿಸ್‌ಮಸ್‌ಗೆ ಶುರುವಾಗಬೇಕಿದ್ದ ಈ ಫೋನಿನ ಮಾರಾಟವನ್ನು ಮುಂದೂಡಿದರೆ ಕಂಪನಿ ಉಳಿದೀತು ಎಂದು ಕಲೆರ್ವೊ ಬೆನ್ನು ನೆಟ್ಟಗೆ ಮಾಡಿ ಕುಳಿತ.

ಲಿಂಡ್ರೂಸ್ ಮೇಜು ಗುದ್ದಲಿಲ್ಲ. ಎದ್ದು ಬಂದು ಫೋನನ್ನು ಕಲೆರ್ವೊನ ಕೈಗಿಟ್ಟು, ಆ ಕೈಯನ್ನು ತನ್ನ ಎರಡೂ ಕೈಗಳಿಂದ ಮುಚ್ಚಿ ಹಿಡಿದ. ಅವು ತಣ್ಣಗೆ ಬೆವೆತಿದ್ದವು. "ಚಾರ್ಜ್ ಹಾಕೋದ್ ಮರ್ತಿದೀಯ ಅನ್ಸುತ್ತೆ" ಎಂದು ಎಲ್ಲರಿಗೂ ಕೇಳುವಂತೆ ನಕ್ಕ. ಆಮೇಲೆ ಬಗ್ಗಿ, ದನಿ ತಗ್ಗಿಸಿ, "ಅಷ್ಟೇ ಅಲ್ವೇನಪ್ಪಾ?" ಎಂದ.

ಕಲೆರ್ವೊ ಬೆಳಿಗ್ಗೆ ತಾನೇ ಅದನ್ನು ಪೂರ್ತಿ ಚಾರ್ಜ್ ಮಾಡಿ ತಂದಿದ್ದ. ಭಯವೆಂಬುದು ಈ ಮನುಷ್ಯನಿಂದಲೇ ಹೊರಟು ಕೆಳಗಿಳಿಯುತ್ತದೆಂದು ಅವನು ಇಷ್ಟು ದಿನ ನಂಬಿದ್ದ. ಈಗ ಅಷ್ಟು ಹತ್ತಿರದಿಂದ ಕಂಡ ಆ ಕಣ್ಣುಗಳು ಸಿರ್ಕಾಳ ಕಣ್ಣುಗಳಿಗಿಂತ ಹೆಚ್ಚು ಹೆದರಿದ್ದವು. ಇನ್ನು ನಿಜ ಹೇಳುವುದಾದರೂ ಯಾರಿಗೆ?

"ಹೌದು" ಎಂದ ಕಲೆರ್ವೊ, "ನಾನೇ ಮರೆತೆ."